ಬೆಳ್ಳುಳ್ಳಿ ವಾಸನೆಯ ಕಲ್ಲು

ಮೈಲಮ್ಮನಿಗೆ ದೇವರ ಮೇಲೆ ಸಿಟ್ಟಿತ್ತು. ಆದರೆ ದೇವರು ಕೈಗೆ ಸಿಗುವವನಲ್ಲ, ಸೊಸೆ ಸಿಗುತ್ತಿದ್ದಳು. ಹಾಗಾಗಿ ಮೈಲಾರಲಿಂಗನಿಗೆ ಸಲ್ಲಬೇಕಾದ ಬೈಗುಳವೆಲ್ಲ ರೇಣುಕಾಳ ಪಾಲಿಗೆ ಬರುತ್ತಿತ್ತು. ಹಾಲು ಉಕ್ಕಿದರೆ ಬಂಜೆ ಕೈ, ರೊಟ್ಟಿ ಸೀದರೆ ಬಂಜೆ ಕೈ, ಕೋಳಿ ಮೊಟ್ಟೆ ಇಡದಿದ್ದರೂ ಅದಕ್ಕೆ ರೇಣುಕಾಳ ಗಾಳಿಯೇ ಬಡಿದಿರಬೇಕು. ಸೊಸೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ತಲೆ ತಗ್ಗಿಸಿದ್ದೂ ಒಂದು ತಪ್ಪೇ ಆಗುತ್ತಿತ್ತು. "ಮಕಾ ತೋರ್ಸಾಕ ನಾಚ್ಕಿ ನೋಡು ಮಹಾರಾಣಿಗೆ" ಎಂದು ಅತ್ತೆ ಪಡಸಾಲೆಯಿಂದ ಕೂಗುತ್ತಿದ್ದಳು.

ಇಷ್ಟು ಸಿಟ್ಟಿಗೆಲ್ಲ ಮೂಲ ದೇವರ ಕೋಣೆಯಲ್ಲಿದ್ದ ಒಂದು ಕಟ್ಟಿಗೆಯ ದೋಣಿ, ನೈವೇದ್ಯ ತುಂಬುವ ಪಾತ್ರೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಕಾಳಗುಡ್ಡದ ಬುಡದಲ್ಲಿ ಒಂದು ಹಳ್ಳಿ. ಅಲ್ಲಿ ಮೈಲಮ್ಮನದು ಗೊರವರ ಮನೆತನ. ಕುರಿ ಹಿಂಡು, ಒಂದಿಷ್ಟು ಹೊಲ, ಮೈಲಾರಲಿಂಗನ ಸೇವೆ. ಸೇವೆಯ ದಿನ ಆ ಮನೆಯ ಗಂಡಸು ಕರಿ ಕಂಬಳಿ ಹೊದ್ದು, ಹಣೆಗೆ ಭಂಡಾರದ ಅರಿಶಿಣ ಬಳಿದುಕೊಂಡು ಕೂರುತ್ತಾನೆ. ಭಕ್ತರು ಅವನ ಮುಂದಿನ ದೋಣಿಗೆ ಹಾಲು, ಬಾಳೆಹಣ್ಣು, ಬೆಲ್ಲ ತುಂಬಿಸುತ್ತಾರೆ. ಅವನು ದೇವರ ನಾಯಿಯಾಗಿ ಬೊಗಳಿ, ಬಾಯಿ ಹಾಕಿ ಉಣ್ಣುತ್ತಾನೆ. ಮೈಲಮ್ಮನ ಮಾವ ಅದರಲ್ಲಿ ಉಂಡಿದ್ದ, ಗಂಡ ಉಂಡಿದ್ದ, ಈಗ ಒಬ್ಬನೇ ಮಗ ಬೀರಲಿಂಗೇಶ ಉಣ್ಣುತ್ತಿದ್ದ. ಅವನಾದ ಮೇಲೆ ಯಾರು ಎಂಬಲ್ಲಿಗೆ ಬಂದು ಮಾತು ನಿಂತಿತ್ತು. ಮದುವೆಯಾಗಿ ವರ್ಷಗಳೇ ಉರುಳಿದರೂ ರೇಣುಕಾಳ ಮಡಿಲು ತುಂಬಿರಲಿಲ್ಲ. ಹಡಗಲಿ ಕಡೆ ಇದ್ದ ಮೈಲಮ್ಮನ ಮೈದುನ ಮೈಲಾರಲಿಂಗಪ್ಪನ ಮನೆಯಲ್ಲೋ, ಅಂಗಳದ ತುಂಬ ಗಂಡುಮಕ್ಕಳು. ಕುಲದ ಹಿರಿಯರು ಬಂದು ಕೂತು, ಚಹಾ ಕುಡಿದು, ಮೆತ್ತಗೆ ಹೇಳಿಯೂ ಹೋಗಿದ್ದರು.

"ದೋಣಿಗೆ ಉಣ್ಣೋ ಬಾಯಿ ಬೇಕು ಮೈಲಮ್ಮ. ಇನ್ನೊಂದೆರಡು ವರ್ಸ ನೋಡ್ತೀವಿ. ನಿಮ್ಮನ್ಯಾಗ ಕೂಸು ಆಡಲಿಲ್ಲಂದ್ರ ದೋಣಿ ಮೈಲಾರಲಿಂಗಪ್ಪನ ಮನಿಗೆ ಹೋಗ್ಲಿ."

ಮೈಲಮ್ಮ ಆ ಮೈದುನನ ಹೆಂಡತಿಯ ಜೊತೆ ಜಗಳವಾಡಿ ಮಾತು ಬಿಟ್ಟು ಒಂದು ಕಾಲವಾಗಿತ್ತು. ಆ ಹೆಂಗಸು ತನ್ನ ಮನೆಯ ದೋಣಿಗೆ ಅರಿಶಿಣ ಹಚ್ಚುವುದನ್ನು ನೆನೆಸಿಕೊಂಡರೇ ಅವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಮೊಮ್ಮಗ ಬೇಕಿತ್ತು ಅವಳಿಗೆ. ಎತ್ತಿ ಆಡಿಸಲಿಕ್ಕಲ್ಲ, ದೋಣಿಯ ಮುಂದೆ ಕೂರಿಸಲಿಕ್ಕೆ.

ಇಂಥ ದಿನಗಳಲ್ಲೇ ಕಾಳಗುಡ್ಡಕ್ಕೆ ಕಾಲೇಜಿನ ಹುಡುಗರ ದಂಡು ಬಂತು. ಜೊತೆಗೆ ಅವರ ಭೂಗರ್ಭಶಾಸ್ತ್ರದ ಮೇಷ್ಟ್ರು, ಭೀಮೇಶ್ ಎಂದು ಹೆಸರು. ಕೈಯಲ್ಲಿ ಸುತ್ತಿಗೆ, ತಲೆಗೆ ಟೋಪಿ. ಮೈಲಮ್ಮ ಅಂದು ಕುರಿಮರಿಗಳನ್ನು ಗುಡ್ಡದ ನೆರಳಿಗೆ ಹೊಡೆದುಕೊಂಡು ಬಂದು ಬಂಡೆಯ ಮೇಲೆ ಕೂತಿದ್ದಳು. ಗುಡ್ಡದ ಕರಿಕಲ್ಲು ಗುಂಡುಗುಂಡಾಗಿ ಒಂದರ ಮೇಲೊಂದು ಒತ್ತಿಕೊಂಡು ಕೂತಿರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅದಕ್ಕೊಂದು ಕಥೆ ಇದೆಯೆಂದು ಆವತ್ತೇ ಗೊತ್ತಾದದ್ದು.

"ಈ ಕಲ್ಲು ಒಂದು ಕಾಲಕ್ಕ ಬೆಂಕಿ ಆಗಿತ್ತು" ಎಂದು ಮೇಷ್ಟ್ರು ಹುಡುಗರಿಗೆ ಹೇಳುತ್ತಿದ್ದ. "ಆಗ ಇಲ್ಲಿ ಕೊಟ್ಟೂರೂ ಇಲ್ಲ, ಕೂಡ್ಲಿಗಿನೂ ಇಲ್ಲ, ಬರೇ ಸಮುದ್ರ. ಸಮುದ್ರದ ತಳ ಸೀಳಿ ಭೂಮಿ ಒಳಗಿನ ಬೆಂಕಿ ಉಕ್ಕಿ ಬಂತು. ನೀರು ತಾಗಿದ ಕೂಡ್ಲೆ ಹಿಂಗ ದಿಂಬು ದಿಂಬಾಗಿ ಹೆಪ್ಪುಗಟ್ಟಿತು. ಜೀವ ಅನ್ನೋದು ಮೊದಲು ಹುಟ್ಟಿದ್ದು ಇಂಥ ಜಾಗದಾಗ ಇರಬೇಕು ಅಂತ ಭಾಳ ಮಂದಿ ವಿಜ್ಞಾನಿಗಳು ಹೇಳ್ತಾರ. ಖಾತ್ರಿ ಇಲ್ಲ. ಆದ್ರ ಬೆಂಕಿ ಬಾಯಿ, ಬಿಸಿನೀರು, ಗಂಧಕ, ಈ ಕಲ್ಲು, ಇವೆಲ್ಲ ಕೂಡಿದ ಕಡೆನ ಜೀವ ಕಣ್ಣು ಬಿಟ್ಟಿರಬೇಕು."

ಮೈಲಮ್ಮನ ಕಿವಿ ನಿಮಿರಿತು. ಕುರಿಮರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಹತ್ತಿರ ಹೋಗಿ ನಿಂತಳು.

ಮೇಷ್ಟ್ರು ಬಂಡೆಯ ಬಿರುಕಿನಲ್ಲಿ ಬೆಳ್ಳಗೆ ಮಿಂಚುವ ಒಂದು ಗೆರೆಗೆ ಸುತ್ತಿಗೆಯಿಂದ ಬಡಿದ. ಕಿಡಿ ಹಾರಿತು, ಹಿಂದೆಯೇ ಬೆಳ್ಳುಳ್ಳಿ ಜಜ್ಜಿದ ವಾಸನೆ ಬಂತು. ಹುಡುಗರು ಮೂಗು ಅರಳಿಸಿ ನಕ್ಕರು. ಅವನು ನಗಲಿಲ್ಲ.

"ಈ ವಾಸನಿ ನೆನಪಿಟ್ಕೊಳ್ರಿ. ಇದು ಆರ್ಸೆನಿಕ್, ನಮ್ಮ ಹಿರೇರು ಪಾಷಾಣ ಅಂತಿದ್ರಲ್ಲ, ಅದು. ಜೀವಕ್ಕ ಬೇಕಾದ್ದನ್ನ ತಂದ ಬೆಂಕಿನ ಜೀವ ತೆಗಿಯೋದನ್ನೂ ತಂತು. ಇಂಥ ಕಲ್ಲಿನ್ಯಾಗ ಹಾಯ್ದು ಬಂದ ನೀರು ಕುಡುದು ಅಂಗೈ ಅಂಗಾಲು ದಡ್ಡುಗಟ್ಟಿ, ಮೈ ತುಂಬ ಕರಿ ಚುಕ್ಕಿ ಬಿದ್ದು, ಕೈಕಾಲು ಜೋಮು ಹಿಡುದು ಸತ್ತೋರು ಅದಾರ, ಬ್ಯಾರೆ ಬ್ಯಾರೆ ದೇಶದಾಗ."

"ಅಲ್ರಿ ಮಾಸ್ತರ" ಎಂದು ಮೈಲಮ್ಮ ಬಾಯಿ ಹಾಕಿದಳು. "ಜೀವ ಹುಟ್ಟಿಸೋ ಕಲ್ಲು ಅಂದ್ರಿ. ಈಗ ಸಾಯಿಸೋ ಕಲ್ಲು ಅಂತೀರಿ. ಯಾವುದು ಖರೇ?"

"ಎರಡೂ ಖರೇನ ಅಮ್ಮಾ."

"ಹಂಗಂದ್ರ ತಿಂದ್ರ ಸಾಯ್ತಾರೋ, ಬದುಕ್ತಾರೋ?"

"ತಿನ್ನಬಾರ್ದು ಅಮ್ಮಾ. ಚೂರು ಚೂರಾಗಿ ಹೊಟ್ಟಿಗೆ ಹೋದ್ರೂ ಒಂದಿನ ತಗೊಂಡು ಹೋಗತೈತಿ" ಎಂದ ಭೀಮೇಶ್. ಬಿಸಿಲಿಗೆ ಬೆವೆತಿದ್ದ. "ಸ್ವಲ್ಪ ನೀರು ಕೊಡ್ತೀರೇನು?"

ಅವಳು ತಂಬಿಗೆ ಎತ್ತಿಕೊಂಡಳು. ಎತ್ತಿಕೊಂಡವಳು, ವಾಡಿಕೆಯಂತೆ, ಯಾವೂರು, ಯಾರ ಪೈಕಿ ಎಂದು ಕೇಳಿದಳು. ತೆಲಿಗಿಯವನು, ರಾಮಣ್ಣನ ಮಗ ಎಂದು ಅವನು ಕೇರಿಯ ಹೆಸರನ್ನೂ ಮುಚ್ಚದೆ ಹೇಳಿದ. ಮೈಲಮ್ಮನ ಕೈ ಮೇಲಕ್ಕೆ ಹೋಯಿತು. ತಂಬಿಗೆಯನ್ನು ತುಟಿಗೆ, ಕೈಗೆ, ಯಾವುದಕ್ಕೂ ತಾಗದ ಎತ್ತರದಲ್ಲಿ ಹಿಡಿದು, "ಬೊಗಸಿ ಹಿಡಿ" ಎಂದಳು. ಬಹುವಚನ ಅಲ್ಲಿಗೇ ಮುಗಿದಿತ್ತು. ಭೀಮೇಶ್ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, "ಬ್ಯಾಡ ಬಿಡ್ರಿ, ನೀರಡಿಕಿ ಹೋತು" ಎಂದು ಹುಡುಗರನ್ನು ಕರೆದುಕೊಂಡು ಗುಡ್ಡ ಇಳಿದ.

ಮೇಷ್ಟ್ರು ಹೇಳಿದ ಎರಡು ಮಾತಿನಲ್ಲಿ ಮೈಲಮ್ಮ ತನಗೆ ಬೇಕಾದ್ದನ್ನು ಉಡಿಯಲ್ಲಿ ಕಟ್ಟಿಕೊಂಡಳು. ಬೇಡದ್ದನ್ನು ಅವನ ಜಾತಿಗೆ ಬಿಟ್ಟಳು. ಆದರೂ ಅವಳು ದಡ್ಡಿಯಲ್ಲ. ಆ ಪಾಷಾಣದ ಮಾತು ಕಿವಿಯ ಒಂದು ಮೂಲೆಯಲ್ಲಿ ಉಳಿದೇ ಇತ್ತು. ಸಂಜೆ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಗುಡ್ಡದಿಂದ ಆಯ್ದು ತಂದ ಆ ಮಿಂಚುವ ಕಲ್ಲಿನ ಚೂರು ಹಾಕಿ ನುಣ್ಣಗೆ ಕುಟ್ಟಿದಳು. ಮುಂದಿನ ಸಂತೆಯಿಂದ ತನ್ನ ಎಲೆಅಡಿಕೆಗೆ ಬೇರೆ ಕುಟ್ಟಾಣಿ ತರಿಸಿದಳು. ಯಾಕವ್ವಾ ಎಂದು ಮಗ ಕೇಳಿದ್ದಕ್ಕೆ, ಹಳೇದರ ಬಾಯಿ ಸವೆದಿದೆ ಎಂದಳು.

ಕುರಿ ಸಾಕುವವರಲ್ಲಿ ಒಂದು ಪದ್ಧತಿಯಿದೆ. ಹೊಸ ಔಷಧ ಯಾವುದೇ ಬರಲಿ, ಮೊದಲು ಗೊಡ್ಡು ಕುರಿಗೆ ಕುಡಿಸುತ್ತಾರೆ. ಅದು ತಡೆದುಕೊಂಡರೆ ಹಿಂಡಿಗೆ. ಸತ್ತರೆ ಹೋದದ್ದು ಗೊಡ್ಡು ತಾನೆ. ಮೈಲಮ್ಮನ ರೊಪ್ಪದಲ್ಲಿ ಕಿವಿ ಹರಿದ ಒಂದು ಗೊಡ್ಡು ಕುರಿ ಇತ್ತು. ಎಷ್ಟು ಸಲ ಟಗರು ಬಿಟ್ಟರೂ ಗಬ್ಬ ಕಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಜೋಳದ ಕಾಳಿನಷ್ಟು ಪುಡಿಯನ್ನು ಬೆಲ್ಲದುಂಡೆಯಲ್ಲಿ ಅಡಗಿಸಿ ಅದರ ಗಂಟಲಿಗೆ ತಳ್ಳತೊಡಗಿದಳು.

ಕುರಿ ಸಾಯಲಿಲ್ಲ. ಸಾಯುವುದಿರಲಿ, ಮೈಕೈ ತುಂಬಿಕೊಂಡಿತು. ಉಣ್ಣೆ ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಮೇವಿಗೆ ಮುನ್ನುಗ್ಗಿ ಟಗರಿಗೇ ಹಾಯತೊಡಗಿತು. ಹಿಂಡು ವಲಸೆ ಹೋಗುವ ಹೊತ್ತಿಗೆ ಅದು ಗಬ್ಬವಾಗಿತ್ತು. ಮೈಲಮ್ಮ ಅದರ ಹೊಟ್ಟೆಯ ಮೇಲೆ ಕೈಯಾಡಿಸಿ, ಕಣ್ಣಿಗೆ ನೀರು ತಂದುಕೊಂಡು, "ಏಳುಕೋಟಿಗೋ" ಎಂದು ಮೈಲಾರಲಿಂಗನನ್ನು ಕೂಗಿ ಗುಡ್ಡದ ಕಡೆ ತಿರುಗಿ ಕೈ ಮುಗಿದಳು. ಕುರಿ ಕಾಯುವ ಜಂಬುನಾಥ ಹಿಂಡು ಹೊಡೆದುಕೊಂಡು ಹೊಳೆಸಾಲಿನ ಗದ್ದೆಗಳ ಕಡೆ ಹೋದ. ಕಿವಿ ಹರಿದ ಕುರಿಯೂ ಅವನೊಂದಿಗೆ ಹೋಯಿತು. ಪರೀಕ್ಷೆ ಮುಗಿದಿತ್ತು, ಇನ್ನು ಸೊಸೆಯ ಸರದಿ.

"ನಾಳಿಂದ ದಿನಾ ಮುಂಜಾನಿ ಒಂದು ಲೋಟ ಹಾಲು ಕುಡೀಬೇಕು" ಎಂದು ಮೈಲಮ್ಮ ಅಪ್ಪಣೆ ಮಾಡಿದಳು. "ಮೈಲಾರಲಿಂಗನ ಭಂಡಾರ ಐತಿ ಅದ್ರಾಗ. ಗುಡ್ಡದ ಫಲ ಐತಿ. ಗೊಡ್ಡು ಕುರಿ ಗಬ್ಬ ಆಗೇತಿ, ನಿಂದೇನು ಹೆಚ್ಚಿನ ಹೊಟ್ಟಿ ಅಲ್ಲ."

"ಕುಡೀತೀನ್ರಿ ಅತ್ತಿ" ಎಂದಳು ರೇಣುಕಾ.

ಅರಿಶಿಣದೊಂದಿಗೆ ಕಲಸಿದ ಪುಡಿಯನ್ನು ಒಂದು ಡಬ್ಬಿಯಲ್ಲಿ ತುಂಬಿ ಮೈಲಮ್ಮ ದೇವರ ಕೋಣೆಯ ಗೂಡಿನಲ್ಲಿಟ್ಟಳು. ಬೆಳಿಗ್ಗೆ ತಾನೇ ಹಾಲಿಗೆ ಹಾಕಿ ತಿರುವಿ ಕೊಡುತ್ತಿದ್ದಳು. ಮಕ್ಕಳ ಫಲದ ಔಷಧವನ್ನು ಯಾರ ಕಣ್ಣೂ ಬೀಳದಂತೆ ಕುಡಿಯಬೇಕು ಎನ್ನುವುದು ಆ ಮನೆತನದ ಕಟ್ಟಳೆ. ಬಾಗಿಲು ಮುಂದೆ ಮಾಡಿಕೊಂಡು, ದೋಣಿಯ ಮುಂದೆ ಕೂತು, ಒಬ್ಬಳೇ ಕುಡಿಯಬೇಕು. ಕಟ್ಟಳೆ ಮುರಿದರೆ ಫಲವಿಲ್ಲ. ಹಾಗಾಗಿ ಮೈಲಮ್ಮ ಲೋಟ ಕೊಟ್ಟು ಪಡಸಾಲೆಗೆ ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಹೊರಗೆ ಬರುತ್ತಿತ್ತು. ಲೋಟದ ತಳವನ್ನು ಅವಳು ಬೆರಳಾಡಿಸಿ ನೋಡುತ್ತಿದ್ದಳು. ತಳದಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ದಿನ ಹೋದವು. ಮೈಲಮ್ಮನ ಕಣ್ಣು ಸೊಸೆಯ ಹೊಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಬಚ್ಚಲ ಕಡೆಗೆ ಹೋದರೆ ವಾಂತಿಯೋ ಎಂದು ಕಿವಿಗೊಡುತ್ತಿದ್ದಳು. ತಿಂಗಳು ತಿಂಗಳೂ ರೇಣುಕಾ ಹೊರಗೆ ಕೂತಾಗ ಮನೆಯ ಪಾತ್ರೆಗಳಿಗೆಲ್ಲ ಪೆಟ್ಟು ಬೀಳುತ್ತಿತ್ತು. ಸೊಸೆಯ ಮೈಯಲ್ಲಿ ಹೊಳಪೂ ಇಲ್ಲ, ತುಂಬುವುದೂ ಇಲ್ಲ, ಮೊದಲಿನ ಹಾಗೆಯೇ ಕಡ್ಡಿ. ಮಗನೇನೋ ಚೆನ್ನಾಗಿ ಕಾಣುತ್ತಿದ್ದ. ಗಲ್ಲ ತುಂಬಿ, ಮುಖಕ್ಕೆ ಕೆಂಪು ಏರಿ, ಮದುವೆ ಗಂಡಿನ ಕಳೆ ಬಂದಿತ್ತು. ಮೈಲಮ್ಮ ಅದನ್ನು ನೋಡಿ ಹಿಗ್ಗಿದಳು. ಇಂಥ ಮಗನಿಗೆ ಇನ್ನೊಂದು ಹೆಣ್ಣು ತಂದರೂ ಯಾರೂ ಬೇಡ ಎನ್ನಲಾರರು ಎಂಬ ಯೋಚನೆ ಮೊದಲ ಸಲ ಬಂದದ್ದು ಆಗಲೇ. ಒಂದು ಸಲ ಬಾಯಿ ಬಿಟ್ಟು ಕೇಳಿಯೂ ನೋಡಿದಳು.

"ರೇಣುಕಾ ಇರೋತನಕ ಆ ಮಾತು ಎತ್ತಬ್ಯಾಡವ್ವಾ" ಎಂದ ಬೀರಲಿಂಗೇಶ. ಹೆಂಡತಿಯ ವಿಷಯ ಬಂದಾಗಲೆಲ್ಲ ಅವನ ದನಿ ಯಾಕೋ ತಗ್ಗುತ್ತಿತ್ತು. ಹೆಂಡಿರ ಗುಲಾಮ ಎಂದು ತಾಯಿ ಗೊಣಗಿದಳು. ಆದರೆ ಇರೋತನಕ ಎಂಬ ಮಾತು ಅವಳ ತಲೆಯಲ್ಲಿ ಉಳಿಯಿತು.

ಬೇಸಿಗೆ ಮುಗಿದು ಹಿಂಡು ತಿರುಗಿ ಬಂತು. ಮೈಲಮ್ಮ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ಬೆನ್ನು ತಟ್ಟಿ ಒಳಗೆ ಬಿಟ್ಟಳು. ಕಿವಿ ಹರಿದದ್ದು ಬರಲಿಲ್ಲ.

"ಅದು ಸತ್ತೋತು ಯಕ್ಕಾ" ಎಂದ ಜಂಬುನಾಥ. "ಮರಿ ಹಾಕ್ತು, ಮರಿ ಸತ್ತಿದ್ದ ಹುಟ್ಟಿತು. ಆಮ್ಯಾಲ ಅದರ ಉಣ್ಣಿ ಉದುರಾಕ ಹತ್ತಿತು, ಕಾಲು ಎಳೀತಿತ್ತು. ಒಣಗಿ ಒಣಗಿ ಕಟಗಿ ಆತು. ಎಂಥಾ ರೋಗೋ ಗೊತ್ತಾಗ್ಲಿಲ್ಲ. ನಾಯಿ ಸೈತ ಅದರ ಮಾಂಸ ಮೂಸಲಿಲ್ಲ."

ಮೈಲಮ್ಮ ರೊಪ್ಪದ ಮುಳ್ಳುಬೇಲಿ ಹಿಡಿದು ನಿಂತಳು. ಕಿವಿಯ ಮೂಲೆಯಲ್ಲಿದ್ದ ಮೇಷ್ಟ್ರ ಮಾತು ಎದುರಿಗೆ ಬಂದು ನಿಂತಿತು. ಒಳ್ಳೆಯ ಹೆಂಗಸಾಗಿದ್ದರೆ ಆ ಗಳಿಗೆಯಲ್ಲೇ ಒಳಗೆ ಓಡಿ ಡಬ್ಬಿಯನ್ನು ತಿಪ್ಪೆಗೆ ಎಸೆಯುತ್ತಿದ್ದಳು. ಸಾಧಾರಣ ಕೆಟ್ಟವಳಾಗಿದ್ದರೂ ಹೆದರಿ ಬಚ್ಚಿಡುತ್ತಿದ್ದಳು. ಮೈಲಮ್ಮ ಲೆಕ್ಕ ಹಾಕಿದಳು. ಕುರಿ ಸಾಯುವ ಮೊದಲು ಗಬ್ಬವಾಗಿತ್ತು. ಸೊಸೆಯೂ ಬಸಿರಾದರೆ ಒಳ್ಳೆಯದೇ. ಆಗದೆ ಕುರಿಯ ದಾರಿಯನ್ನೇ ಹಿಡಿದರೆ? ಮನೆಗೆ ಇನ್ನೊಂದು ಹೆಣ್ಣು ಬರುತ್ತದೆ. ರೇಣುಕಾ ಇರೋತನಕ ಬೇಡ ಎಂದವನು ಆಮೇಲೆ ಏನೆನ್ನುತ್ತಾನೆ? ಹೇಗೆ ನೋಡಿದರೂ ದೋಣಿ ಮನೆಯಲ್ಲೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಹಾಲಿಗೆ ಹಿಂದಿನದಕ್ಕಿಂತ ಒಂದು ಚಿಟಿಕೆ ಹೆಚ್ಚು ಹಾಕಿದಳು.

ಬೀರಲಿಂಗೇಶ ಮೊದಲು ಹೇಳಿದ್ದು ಅಂಗಾಲು ಜುಮ್ಮೆನ್ನುತ್ತದೆ ಎಂದು. ಚಪ್ಪಲಿ ಕಚ್ಚಿರಬೇಕು ಎಂದರು. ಆಮೇಲೆ ಅಂಗೈಯ ತೊಗಲು ದಡ್ಡುಗಟ್ಟಿ ಗಂಟು ಗಂಟಾಯಿತು. ಎದೆ ಬೆನ್ನಿನ ಮೇಲೆ ಮಳೆ ಹನಿ ಬಿದ್ದ ಧೂಳಿನ ಹಾಗೆ ಕರಿ ಚುಕ್ಕಿ ಎದ್ದವು. ಕೂಡ್ಲಿಗಿಯಲ್ಲಿ ತೋರಿಸಿದರು, ಹಗರಿಬೊಮ್ಮನಹಳ್ಳಿಯಲ್ಲಿ ತೋರಿಸಿದರು. ಮುಲಾಮು ಹಚ್ಚಿದರು, ಸೂಜಿ ಹಾಕಿಸಿದರು. ತುಂಬಿದ್ದ ಗಲ್ಲ ಒಳಗೆ ಹೋಯಿತು. ಸೇವೆಯ ಡಮರುಗ ಹಿಡಿದರೆ ಬೆರಳಿನಿಂದ ಜಾರಿ ಬೀಳುತ್ತಿತ್ತು.

ಮೈಲಮ್ಮನಿಗೆ ಚುಕ್ಕಿ ನೋಡಿ ಮೇಷ್ಟ್ರ ಮಾತು ನೆನಪಾಗದೆ ಇರಲಿಲ್ಲ. ಆದರೆ ಪುಡಿ ಕುಡಿಯುತ್ತಿದ್ದದ್ದು ಸೊಸೆ. ಚುಕ್ಕಿ ಏಳಬೇಕಾದದ್ದು ಅವಳ ಮೈಮೇಲೆ. ಅವಳೋ ಗುಂಡುಕಲ್ಲಿನ ಹಾಗೆ ಓಡಾಡುತ್ತಿದ್ದಾಳೆ, ಗಂಡನ ಕಾಲು ಒತ್ತುತ್ತಿದ್ದಾಳೆ, ಬುತ್ತಿ ಕಟ್ಟುತ್ತಿದ್ದಾಳೆ. ಅಂದಮೇಲೆ ಮಗನಿಗೆ ಬಂದದ್ದು ಆ ರೋಗವಲ್ಲ, ಬಂಜೆಯ ಕಾಲ್ಗುಣ. ಹೀಗೆಂದುಕೊಂಡು ಅವಳು ಹಾಲಿನ ಲೋಟಕ್ಕೆ ಇನ್ನೂ ಒಂದು ಚಿಟಿಕೆ ಏರಿಸಿದಳು.

ಆ ದಿನಗಳಲ್ಲೇ ಭೀಮೇಶ್ ಮೇಷ್ಟ್ರು ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಒಯ್ಯಲು ಮತ್ತೆ ಬಂದ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಬೀರಲಿಂಗೇಶನ ಅಂಗೈ ಅವನ ಕಣ್ಣಿಗೆ ಬಿತ್ತು. ನಿಂತಲ್ಲೇ ನಿಂತ. ಕೈ ಹಿಡಿದು ನೋಡಿದ, ಅಂಗಿ ಎತ್ತಿಸಿ ಬೆನ್ನು ನೋಡಿದ. ನೀರು ಒಯ್ದವನು ವಾರ ಕಳೆಯುವುದರೊಳಗೆ ಬೈಕು ಹತ್ತಿ ಮನೆ ಬಾಗಿಲಿಗೇ ಬಂದ. ರೇಣುಕಾ ಹೊಲಕ್ಕೆ ಹೋಗಿದ್ದಳು. ಮೈಲಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಅಮ್ಮಾ, ಊರ ನೀರು ಚೊಕ್ಕ ಐತಿ, ನೀರಿಂದ ಆಗಿದ್ದಲ್ಲ" ಎಂದ. "ಬ್ಯಾರೆ ಯಾರಿಗೂ ಹಿಂಗ ಆಗಿಲ್ಲ. ನಿಮ್ಮ ಮಗಗೊಬ್ಬಗ ಆಗೇತಿ ಅಂದ್ರ ಹೊಟ್ಟಿಗೆ ಏನೋ ಬ್ಯಾರೆ ಹೋಗಾಕ ಹತ್ತೇತಿ. ಗುಡ್ಡದ ಕಲ್ಲು ಮನಿಗೆ ತಂದೀರೇನು? ಪುಡಿ ಗಿಡಿ ಮಾಡಿ ಔಷಧ ಅಂತ ಕೊಟ್ಟೀರೇನು? ಬೈಯಾಕ ಬಂದಿಲ್ಲ ನಾನು. ಈಗ ಹೇಳಿದ್ರ ಉಳಿಸ್ಬೌದು."

"ನಮ್ಮ ಒಲಿ ಮ್ಯಾಲ ಏನೈತಿ ಅಂತ ಕೇಳಾಕ ಬಂದೇನು?" ಮೈಲಮ್ಮ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ಹೊಸ್ತಿಲ ಮುಂದ ನಿಂತು ಮಾತಾಡಾಕ ಹತ್ತಿಯಲ್ಲ, ನಿಮ್ಮಪ್ಪ ರಾಮಣ್ಣಗ ಈ ಧೈರ್ಯ ಇತ್ತೇನಲೇ? ನಿನ್ನ ನೆರಳು ಬಿದ್ದ ಮ್ಯಾಲನ ನನ್ನ ಮಗ ಬಿದ್ದದ್ದು. ನಡಿ!"

ಓಣಿಯ ಮಂದಿ ಇಣುಕಿದರು. ಭೀಮೇಶನ ಮುಖ ಕಪ್ಪಿಟ್ಟಿತು. ಆದರೂ ಹೋಗುವ ಮುಂಚೆ ತಗ್ಗಿದ ದನಿಯಲ್ಲಿ, "ದಾವಣಗೆರಿಗೆ ಒಯ್ರಿ. ಡಾಕ್ಟ್ರಿಗೆ ಆರ್ಸೆನಿಕ್ ಅಂತ ಒಂದು ಮಾತು ಹೇಳ್ರಿ, ಸಾಕು" ಎಂದು ಹೇಳಿಯೇ ಹೋದ. ಮೈಲಮ್ಮ ಅವನು ನಿಂತಿದ್ದ ಜಾಗಕ್ಕೆ ಸೆಗಣಿನೀರು ಚಿಮುಕಿಸಿದಳು. ಆ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಬೀರಲಿಂಗೇಶ ಹಾಸಿಗೆ ಹಿಡಿದ ಮೇಲೆ ದಾವಣಗೆರೆಗೆ ಒಯ್ದರು. ಅಲ್ಲಿನ ಡಾಕ್ಟರು ಅಂಗೈ ನೋಡಿದರು, ಉಗುರು ನೋಡಿದರು, ಕೂದಲು ಉಗುರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬೀರಲಿಂಗೇಶನಿಗೆ ಎಚ್ಚರವಿರಲಿಲ್ಲ, ಹಾಗಾಗಿ ಅತ್ತೆ ಸೊಸೆ ಇಬ್ಬರನ್ನೂ ಮಂಚದ ಪಕ್ಕಕ್ಕೆ ಕರೆದರು.

"ಮನೇಲಿ ಏನಾದ್ರೂ ನಾಟಿ ಔಷಧ, ಭಸ್ಮ, ಪುಡಿ ಕೊಟ್ಟಿದ್ರಾ? ಸುಳ್ಳು ಹೇಳಬೇಡಿ. ಪರೀಕ್ಷೆ ಬರೋವರೆಗೆ ಕಾಯೋ ಹಾಗಿಲ್ಲ. ಏನು ಅಂತ ಗೊತ್ತಾದ್ರೆ ಈಗ್ಲೇ ಔಷಧ ಶುರು ಮಾಡ್ತೀನಿ."

"ಹಡದಾಕಿ ನಾನು. ನನ್ನ ಮಗಗ ಅಂಥಾದ್ದು ಕೊಡ್ತೀನೇನ್ರಿ?" ಎಂದಳು ಮೈಲಮ್ಮ. ಅವಳ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಮಗನಿಗೆ ಅವಳು ಏನೂ ಕೊಟ್ಟಿರಲಿಲ್ಲ.

ರೇಣುಕಾಳ ತುಟಿ ಅಲುಗಿತು. "ಅತ್ತಿ, ಆ ಹಾಲು..."

ಮೈಲಮ್ಮ ಅವಳ ಮುಂಗೈ ಹಿಡಿದು ಬಳೆ ಮುರಿಯುವ ಹಾಗೆ ಹಿಸುಕಿದಳು. ತಾನು ಕುಡಿದ ಹಾಲಿನ ಸುದ್ದಿ ಎತ್ತಿ ಈ ಬಂಜೆ ಪೊಲೀಸರ ತನಕ ಒಯ್ಯುತ್ತಾಳೆ ಎಂದೇ ಅವಳು ಎಣಿಸಿದ್ದು. "ಆಕಿ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ. ಮಕ್ಕಳಿಲ್ಲಂತ ತಲಿ ಕೆಟ್ಟೈತಿ" ಎಂದು ಸೊಸೆಯನ್ನು ವರಾಂಡಕ್ಕೆ ಎಳೆದುಕೊಂಡು ಹೋದಳು. ಗೋಡೆಗೆ ಒತ್ತಿ ನಿಲ್ಲಿಸಿ ಹೇಳಿದಳು. "ದೇವರ ಭಂಡಾರದ ಮಾತು ಹೊರಗ ಬಿತ್ತಂದ್ರ ನನ್ನ ಮಗನ ಜೀವಕ್ಕ ಕುತ್ತು. ಬಾಯಿ ಬಿಡ್ತಿಯೇನು?"

"ದೇವ್ರದ ಅಲ್ರಿ ಅತ್ತಿ ಅದು? ಏನೂ ತಪ್ಪಿಲ್ಲಲ್ರಿ ಅದ್ರಾಗ?"

"ದೇವ್ರದ."

ರೇಣುಕಾ ನಂಬಿದಳು. ಬಾಯಿ ಮುಚ್ಚಿದಳು. ಪರೀಕ್ಷೆಯ ಫಲ ಬರುವ ಮೊದಲೇ ಬೀರಲಿಂಗೇಶ ಸತ್ತ.

ಗೊರವರ ಪದ್ಧತಿಯಂತೆ ಅವನನ್ನು ಕೂರಿಸಿ ಮಣ್ಣು ಮಾಡಿದರು. ಮೈಗೆಲ್ಲ ಭಂಡಾರ ಬಳಿದರು. ಮೈಲಮ್ಮ ಎದೆ ಬಡಿದುಕೊಂಡು ಅತ್ತಳು, ಆ ಅಳುವಿನಲ್ಲಿ ಒಂದು ಹನಿಯೂ ಸುಳ್ಳಿರಲಿಲ್ಲ. ಹೆತ್ತ ಹೊಟ್ಟೆ ಹರಿದು ಹೋಗುವ ಅಳು ಅದು. ಮೈಲಾರಲಿಂಗಪ್ಪ ಬಂದು ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿ, ದೋಣಿಯನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನಲ್ಲಿಟ್ಟುಕೊಂಡು ಹಡಗಲಿಯ ದಾರಿ ಹಿಡಿದ. ಅವನ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಮನೆಯಲ್ಲಿ ಇಬ್ಬರೇ ಉಳಿದರು. ಮೈಲಮ್ಮ ದೇವರ ಕೋಣೆಗೆ ಹೋಗಿ ದೋಣಿಯಿದ್ದ ಬರಿ ಜಾಗ ನೋಡಿದಳು. ಗೂಡಿನಲ್ಲಿ ಡಬ್ಬಿಯೂ ಇರಲಿಲ್ಲ. ಹೊರಗೆ ಬಂದು ಸೊಸೆಯ ಜುಟ್ಟು ಹಿಡಿದಳು.

"ನೀ ಯಾಕ ಸಾಯ್ಲಿಲ್ಲ? ದಿನಾ ಕುಡದಿ, ಒಂದು ಚುಕ್ಕಿನಾದ್ರೂ ಎದ್ದೇತೇನು ನಿನ್ನ ಮೈಮ್ಯಾಲ? ಎಂಥಾ ಜೀವ ನಿಂದು!"

ರೇಣುಕಾ ಜುಟ್ಟು ಬಿಡಿಸಿಕೊಳ್ಳ ಹೋಗಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಸಾಯ್ಬೇಕಿತ್ತೇನ್ರಿ? ಏನಿತ್ತು ಆ ಹಾಲಿನ್ಯಾಗ?"

ಮೈಲಮ್ಮನ ಬಾಯಿಗೆ ಈಗ ತಡೆಯೇ ಇರಲಿಲ್ಲ. ಕಳೆದುಕೊಳ್ಳಲು ಏನೂ ಉಳಿದಿಲ್ಲ ಎಂದುಕೊಂಡಿದ್ದಳು. "ಗುಡ್ಡದ ಕಲ್ಲು! ಬಡದ್ರ ಬೆಳ್ಳುಳ್ಳಿ ವಾಸನಿ ಬರೋ ಕಲ್ಲು. ಜೀವ ಹುಟ್ಟಿಸ್ತೈತಿ, ಇಲ್ಲಾಂದ್ರ ತೆಗಿತೈತಿ ಅಂತ ಆ ಮಾಸ್ತರ ಹೇಳಿದ್ದ. ನಿನಗ ಎರಡೂ ಮಾಡ್ಲಿಲ್ಲ ಅದು!"

"ನಾ ಒಂದು ಹನಿನೂ ಕುಡದಿಲ್ರಿ ಅತ್ತಿ."

ಮೈಲಮ್ಮನ ಕೈ ಜುಟ್ಟಿನಿಂದ ತಾನಾಗಿ ಜಾರಿತು.

"ಹರಪನಹಳ್ಳಿ ಡಾಕ್ಟ್ರು ಎಂದೋ ಹೇಳಿದ್ರು, ತೊಂದ್ರಿ ನಂದಲ್ಲ, ನಿಮ್ಮ ಮಗಂದು ಅಂತ" ಎಂದಳು ರೇಣುಕಾ. ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗಿತ್ತು ದನಿ. "ಯಾರಿಗೂ ಹೇಳಬ್ಯಾಡ ಅಂತ ಅವ್ರು ದೋಣಿ ಮುಟ್ಟಿಸಿ ಆಣಿ ಮಾಡ್ಸಿದ್ರು. ಅವ್ವಗ ಗೊತ್ತಾದ್ರ ನಾ ಬದುಕಂಗಿಲ್ಲ ಅಂದ್ರು. ನಿಮ್ಮ ಬೈಗಳಾ ನಾ ತಿಂದೆ. ಮಕ್ಕಳ ಔಷಧ ಅಂತ ನೀವು ಹಾಲು ಕೊಟ್ರಿ. ಔಷಧ ಬೇಕಾದ್ದು ಅವ್ರಿಗೆ. ದೇವರ ಕ್ವಾಣ್ಯಾಗ ಬಾಗಲಾ ಹಾಕ್ಕೊಂಡು ಚೊಂಬಿಗೆ ಸುರುವಿ ಇಡ್ತಿದ್ದೆ. ಅವ್ರು ಎದ್ದ ಮ್ಯಾಲ ಬೆಲ್ಲ ಹಾಕಿ ಕುಡಿಸ್ತಿದ್ದೆ. ದಿನಾ. ತಳದಾಗ ನಿಂತಿದ್ದನ್ನೂ ನೀರು ಹಾಕಿ ತೊಳದು ಕುಡಿಸ್ತಿದ್ದೆ, ದೇವ್ರ ಭಂಡಾರ ಹಾಳಾಗಬಾರ್ದಂತ."

ಮೈಲಮ್ಮ ಕಂಬಕ್ಕೆ ಒರಗಿ ಕೂತಳು. ಕುಟ್ಟಾಣಿಯ ಸದ್ದು, ಹೆಚ್ಚಿಗೆ ಹಾಕಿದ ಒಂದೊಂದು ಚಿಟಿಕೆ, ಮಗನ ಗಲ್ಲಕ್ಕೆ ಏರಿದ್ದ ಆ ಕೆಂಪು, ಎಲ್ಲ ಒಟ್ಟಿಗೆ ಬಂದು ಮೇಲೆ ಬಿದ್ದವು.

"ಎಲಿ ಅಡಿಕಿಗೆ ಬ್ಯಾರೆ ಕುಟ್ಟಾಣಿ ತರ್ಸಿದ್ರಿ" ಎಂದಳು ರೇಣುಕಾ. "ಯಾಕ ಅಂತ ಅವತ್ತ ನಾ ಕೇಳ್ಬೇಕಿತ್ತು."

ಪರೀಕ್ಷೆಯ ಫಲ ಕೇಳಲು ದಾವಣಗೆರೆಗೆ ಯಾರೂ ಹೋಗಲಿಲ್ಲ, ಊರಿಗೆ ಈ ವಿಷಯ ತಿಳಿಯಲಿಲ್ಲ. ರೇಣುಕಾ ಪೊಲೀಸರಿಗೂ ಹೇಳಲಿಲ್ಲ, ತವರಿಗೂ ಹೋಗಲಿಲ್ಲ. ಕರೆಯಲು ಬಂದ ಅಣ್ಣನನ್ನು, "ಅತ್ತಿಗೆ ನಾ ಬಿಟ್ರ ಯಾರದಾರಪ್ಪ?" ಎಂದು ಹೇಳಿ ಕಳಿಸಿದಳು. ಎಂಥ ಸೊಸೆ ಎಂದು ಓಣಿಯ ಹೆಂಗಸರು ಹೊಗಳಿದರು. ಮೈಲಮ್ಮನಿಗೆ ಹೋಗಲು ಜಾಗವಿರಲಿಲ್ಲ. ದೋಣಿ ಹೋದ ಮನೆಯ ಬಾಗಿಲಿಗೆ ಹೋಗಿ ಆ ನೆಗೆಣ್ಣಿಯ ಕೈಯಿಂದ ಅನ್ನ ತಿನ್ನುವುದಕ್ಕಿಂತ ಸಾವು ಲೇಸು ಎನ್ನುವ ಛಲ ಅವಳಲ್ಲಿ ಇನ್ನೂ ಉಳಿದಿತ್ತು.

ಸೂತಕ ಕಳೆದ ಮರುದಿನ ಬೆಳಿಗ್ಗೆ ರೇಣುಕಾ ಒಂದು ಬಟ್ಟಲು ರಾಗಿ ಅಂಬಲಿ ತಂದು ಅತ್ತೆಯ ಮುಂದಿಟ್ಟಳು. ಮಜ್ಜಿಗೆ ಹಾಕಿದ ಅಂಬಲಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಆ ಮನೆಯಲ್ಲಿ ಅಂಬಲಿಗೆ ಒಗ್ಗರಣೆ ಹಾಕುವ ರೂಢಿ ಯಾವತ್ತೂ ಇರಲಿಲ್ಲ.

ಮೈಲಮ್ಮನ ಮೂಗಿಗೆ ವಾಸನೆ ಬಡಿಯಿತು. ಅವಳು ಬಟ್ಟಲಿನಿಂದ ಹಿಂದಕ್ಕೆ ಸರಿದಳು.

"ಡಬ್ಬಿ ಎಲ್ಲೈತಿ?"

"ಐತಿ."

"ಇದ್ರಾಗ... ಇದ್ರಾಗ ಹಾಕಿಯೇನು?"

"ಐತೋ ಇಲ್ಲೋ ನಾ ಹೇಳಂಗಿಲ್ರಿ ಅತ್ತಿ" ಎಂದಳು ರೇಣುಕಾ. "ನೀವೂ ನನಗ ಹೇಳಿರಲಿಲ್ಲ. ಕುಡೀರಿ, ಆರಿ ಹೋಗ್ತೈತಿ."

ಅವಳು ಎದುರಿಗೆ ಕೂತಳು, ಸೆರಗು ಸರಿಮಾಡಿಕೊಂಡಳು, ಕಾದಳು. ಮೈಲಮ್ಮ ಮಧ್ಯಾಹ್ನದವರೆಗೆ ಹಸಿದುಕೊಂಡಿದ್ದಳು. ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಕುಡಿದಳು. ಸೊಸೆ ಖಾಲಿ ಬಟ್ಟಲನ್ನು ತೆಗೆದುಕೊಂಡು, ತಳದಲ್ಲಿ ಬೆರಳಾಡಿಸಿ ನೋಡಿದಳು. ಏನೂ ಉಳಿದಿರಲಿಲ್ಲ. ನಾಳೆಯ ಅಂಬಲಿಗೆ ರಾಗಿ ಹಿಟ್ಟು ನೆನೆಹಾಕಲು ಅವಳು ಒಳಗೆ ಹೋದಳು.